ಬೀಸಣಿಗೆಯ ನರ್ತಕಿ ಸ್ಯಾಲಿ ರ‍್ಯಾಂಡ್

ಕವಿ ಗತಿಸಿದರೂ ಕಾವ್ಯ ಉಳಿಯುತ್ತದೆ. ಶಿಲ್ಪಿ ಗತಿಸಿದರೂ ಶಿಲ್ಪ ಉಳಿಯುತ್ತದೆ. ನರ್ತಕಿಯ ಕೃತಿಯಾದರೋ ಆಕೆಯ ದೇಹದೊಡನೆಯೇ ಮರೆಯಾಗುವಂಥದು. ಹಿಂದುಳಿಯುವುದು ಹೆಸರೊಂದೇ, ಆ ಹೆಸರೂ ಅಪವಾದದಿಂದ ಬಂದುದಾದರೆ ಕಲೆಯನ್ನು ಕೇಳುವವರೇ ಇಲ್ಲ. ಅಮೆರಿಕದ ಸ್ಯಾಲಿ ರ‍್ಯಾಂಡಳ ಬಾಳು ನನ್ನನ್ನು ಸೆಳೆದಿರುವುದು ಈ ಕಾರಣದಿಂದ.

ಆಕೆ ಹುಟ್ಟಿದ್ದು 1904ರಲ್ಲಿ, ಮಿಸೌರಿ ಸಂಸ್ಥಾನದ ಎಲ್ಕ್‌ಟನ್ ಎಂಬ ಹಳ್ಳಿಯಲ್ಲಿ. ಮನೆಯವರು ಇಟ್ಟ ಹೆಸರು ಹೆಲೆನ್ ಬೆಕ್. ಎಳೆಯ ವಯಸ್ಸಿನಲ್ಲಿಯೇ ರಂಗಭೂಮಿಯನ್ನು ಸೇರಿ, ಅಲ್ಲಿಂದ ಮೂಕಚಿತ್ರಗಳಿಗೆ ಬಂದಳು. ಹೊಸ ಹೆಸರನ್ನು ಕೊಟ್ಟವನು ಪ್ರಸಿದ್ಧ ನಿರ್ದೇಶಕ ಸಿಸಿಲ್ ಡಿಮಿಲ್. ರ‍್ಯಾಂಡ್ ಮೆಕ್‌ನ್ಯಾಲಿ ಎಂಬ ಭೂಪಟಗಳ ಪ್ರಕಾಶಕರ ಹೆಸರನ್ನು ಕಂಡು ಅವನಿಗೆ ಅದು ಹೊಳೆಯಿತೆಂದು ಪ್ರತೀತಿ. ಕ್ರಿಸ್ತನ ಜೀವನವನ್ನು ಕುರಿತು ಅವನು ತೆಗೆದ 1927ರ ಚಿತ್ರದಲ್ಲಿ ಆಕೆಗೊಂದು ಸಣ್ಣ ಪಾತ್ರವೂ ದೊರೆಯಿತು. ಅಷ್ಟರಲ್ಲಿ ಮಾತಿನ ಚಿತ್ರಗಳು ಬಂದವು. ಆಕೆಯ ಉಚ್ಚಾರಣೆಯಲ್ಲಿ ತೊದಲಿತ್ತು. ಅದರ ಬೆನ್ನಿಗೇ 1929ರ ಆರ್ಥಿಕ ಕುಸಿತ. ಕೆಲಸವಿಲ್ಲದ ಲಕ್ಷಾಂತರ ಜನರಲ್ಲಿ ಆಕೆಯೂ ಒಬ್ಬಳಾದಳು.

ಹೊಟ್ಟೆಪಾಡಿಗಾಗಿ ಷಿಕಾಗೋ ನಗರದ ರಾತ್ರಿಯ ವಿನೋದಗೃಹಗಳನ್ನು ಸೇರಿದಾಗ ಹುಟ್ಟಿದ್ದು ಬೀಸಣಿಗೆಯ ನೃತ್ಯ. ಉಷ್ಟ್ರಪಕ್ಷಿಯ ಗರಿಗಳಿಂದ ಮಾಡಿದ ಎರಡು ದೊಡ್ಡ ಬೀಸಣಿಗೆಗಳು. ಹಿನ್ನೆಲೆಯಲ್ಲಿ ಡೆಬ್ಯುಸಿ, ಷೋಪೆನ್ ಅವರ ಮೃದುವಾದ ಸಂಗೀತ. ಒಂದು ಬೀಸಣಿಗೆ ಸರಿಯುವ ಕ್ಷಣದಲ್ಲಿ ಇನ್ನೊಂದು ಬಂದು ಮೈಯನ್ನು ಮರೆಮಾಡಬೇಕು. ತಾಳ ಒಂದಿಷ್ಟು ತಪ್ಪಿದರೂ ಮಾಯೆ ಹರಿಯಿತು. ಬಾಲ್ಯದಲ್ಲಿ ತಾತನ ಹೊಲದ ಮೇಲೆ ಬೆಳುದಿಂಗಳಿನಲ್ಲಿ ಹಾರುತ್ತಿದ್ದ ಕೊಕ್ಕರೆಗಳೇ ಈ ನೃತ್ಯಕ್ಕೆ ಸ್ಫೂರ್ತಿಯೆಂದು ಆಕೆ ಹೇಳಿಕೊಳ್ಳುತ್ತಿದ್ದಳು.

1933ರಲ್ಲಿ ಷಿಕಾಗೋದಲ್ಲಿ ವಿಶ್ವಪ್ರದರ್ಶನ ನಡೆಯಿತು. ಆ ವರ್ಷವೊಂದರಲ್ಲೇ ಅದನ್ನು ನೋಡಿದವರು ಎರಡು ಕೋಟಿಗೂ ಹೆಚ್ಚು. ಉದ್ಘಾಟನೆಯ ಹೊತ್ತಿಗೆ ಸ್ಯಾಲಿ ದಂತಕಥೆಯ ಗೊಡೈವಾಳಂತೆ ಬಿಳಿಯ ಕುದುರೆಯೇರಿ ಬಂದು ಎಲ್ಲರ ಕಣ್ಣಿಗೆ ಬಿದ್ದಳು. ‘ಪ್ಯಾರಿಸ್ ಬೀದಿಗಳು’ ಎಂಬ ವಿಭಾಗದಲ್ಲಿ ಆಕೆಯ ನೃತ್ಯಕ್ಕೆ ಜನ ಮುಗಿಬಿದ್ದರು, ಪೋಲೀಸರೂ ಬಂದರು. ಒಂದೇ ದಿನ ನಾಲ್ಕು ಸಲ ಆಕೆಯನ್ನು ಬಂಧಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಹೇಳದೆ ಬಿಟ್ಟದ್ದೇ ಕಾವ್ಯದಲ್ಲಿ ಹೆಚ್ಚು ಹೇಳುತ್ತದೆಂದು ತರಗತಿಯಲ್ಲಿ ಧ್ವನಿಸಿದ್ಧಾಂತವನ್ನು ಪಾಠಮಾಡುವ ನನಗೆ ಇದೊಂದು ವಿಚಿತ್ರವಾದ ಮೊಕದ್ದಮೆಯಾಗಿ ತೋರುತ್ತದೆ. ಕಂಡದ್ದು ಗರಿಗಳು, ಉಳಿದುದನ್ನೆಲ್ಲ ಕಂಡಂತೆ ಮಾಡಿದ್ದು ಪ್ರೇಕ್ಷಕರ ಕಲ್ಪನೆ. ಆದರೆ ಕಟಕಟೆಯಲ್ಲಿ ನಿಂತವಳು ನರ್ತಕಿಯೊಬ್ಬಳೇ.

ಮರುವರ್ಷ ಆಕೆ ಬೀಸಣಿಗೆಯನ್ನು ಬಿಟ್ಟು, ಸುಮಾರು ಐದು ಅಡಿ ವ್ಯಾಸದ ಪಾರದರ್ಶಕ ಗೋಳವೊಂದನ್ನು ಹಿಡಿದು ಕುಣಿದಳು. ಅಷ್ಟು ದೊಡ್ಡ ಗುಳ್ಳೆ ಎಲ್ಲಿಯೂ ಸಿಕ್ಕದಿದ್ದಾಗ ತಾನೇ ಹಣ ಕೊಟ್ಟು ಮಾಡಿಸಿದಳು. 1946ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮತ್ತೆ ಬಂಧನವಾಯಿತು. ಈ ಸಲ ನ್ಯಾಯಾಧೀಶರು ತಾವೇ ಹೋಗಿ ನೃತ್ಯವನ್ನು ನೋಡಿ, ದೋಷವಿಲ್ಲವೆಂದು ತೀರ್ಪಿತ್ತರು. ನೋಡಿದ ಮೇಲೆ ತೀರ್ಪು ಕೊಡುವುದು ವಿಮರ್ಶಕರಿಗೂ ಒಳ್ಳೆಯ ಪಾಠವೇ ಸರಿ.

ಈ ಕೀರ್ತಿಗೆ ಇನ್ನೊಂದು ಮುಖವುಂಟು. ಬೀಸಣಿಗೆಯ ನೃತ್ಯವನ್ನು 1930ರಲ್ಲಿಯೇ ನ್ಯೂಯಾರ್ಕಿನ ರಂಗದ ಮೇಲೆ ತಾನು ಮೊದಲು ಆಡಿದೆನೆಂದು ಫೇತ್ ಬೇಕನ್ ಎಂಬ ಸುಂದರಿ ವಾದಿಸಿದಳು. 1938ರಲ್ಲಿ ಸ್ಯಾಲಿಯ ಮೇಲೆ ದಾವೆಯನ್ನೂ ಹೂಡಿದಳು. ಲೋಕ ಕಿವಿಗೊಡಲಿಲ್ಲ. 1956ರಲ್ಲಿ, ಕೈಯಲ್ಲಿ ಕಾಸಿಲ್ಲದ ಸ್ಥಿತಿಯಲ್ಲಿ, ಅದೇ ಷಿಕಾಗೋದ ಹೋಟೆಲೊಂದರ ಕಿಟಕಿಯಿಂದ ಹಾರಿ ಆಕೆ ಪ್ರಾಣಬಿಟ್ಟಳು. ಸ್ಯಾಲಿಯ ಶ್ರಮವನ್ನು ಮೆಚ್ಚುವಾಗ ಈ ಹೆಸರನ್ನು ಮರೆಯುವುದು ನ್ಯಾಯವಲ್ಲವೆಂದು ನಾನು ಎಣಿಸುತ್ತೇನೆ.

ಸ್ಯಾಲಿಯಾದರೋ ಎಪ್ಪತ್ತು ದಾಟಿದ ಮೇಲೂ ಅದೇ ಗರಿಗಳನ್ನು ಹಿಡಿದು ಕುಣಿದಳು. 1979ರಲ್ಲಿ, 75ನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡಳು. 1941ರ ವ್ಯಂಗ್ಯಚಲನಚಿತ್ರವೊಂದು ಅದಕ್ಕೆ ಮೊದಲೇ ಆಕೆಯ ಗೋಳನೃತ್ಯವನ್ನು ಅಣಕಿಸಿ ನಗಿಸಿತ್ತು. 1962ರಲ್ಲಿ ಹ್ಯೂಸ್ಟನ್ ನಗರ ಗಗನಯಾತ್ರಿಗಳನ್ನು ಸ್ವಾಗತಿಸಿದಾಗ ಆಕೆ ಅವರ ಮುಂದೆ ನರ್ತಿಸಿದಳು. 1983ರ ‘ದಿ ರೈಟ್ ಸ್ಟಫ್’ ಚಿತ್ರ ಆ ಸಂಜೆಯನ್ನು ಮತ್ತೆ ತೆರೆಯ ಮೇಲೆ ತಂದಿತು. ಬರ್ಲೆಸ್ಕ್ ಎಂಬ ಆ ವಿನೋದಕಲೆಗೆ ನಮ್ಮ ಕಾಲದಲ್ಲಿ ಮರುಜೀವ ಕೊಟ್ಟ ಡೀಟಾ ವಾನ್ ಟೀಸ್ ಮೊದಲಾದವರ ಕೈಯಲ್ಲಿಯೂ ಗರಿಯ ಬೀಸಣಿಗೆಯನ್ನು ಕಾಣುತ್ತೇವೆ. ಅಪವಾದ ಅಂದಿನ ಪತ್ರಿಕೆಗಳೊಡನೆ ಹಳತಾಯಿತು. ಮರೆಮಾಡುವ ಆ ಕಲೆ ಮಾತ್ರ ಒಂದು ಕೈಯಿಂದ ಇನ್ನೊಂದು ಕೈಗೆ ಸಾಗುತ್ತಲೇ ಇದೆ.