ಒಂಟಿಗೈಯ ನೌಕಾಧಿಪತಿ

ಹಡಗುಗಳಿಗೂ ಸಾವುಂಟು. ಬಂಡೆಗೆ ಬಡಿದು ಒಡೆಯುವುದು, ಬಿರುಗಾಳಿಗೆ ಸಿಕ್ಕಿ ಮುಳುಗುವುದು ಒಂದೊಂದು ಹಡಗಿಗೆ ಒದಗುವ ಅಪಮೃತ್ಯು. ಅದಕ್ಕಿಂತಲೂ ದೊಡ್ಡದಾದ, ಯಾರ ಕಿವಿಗೂ ಕೇಳಿಸದ ಇನ್ನೊಂದು ಸಾವಿದೆ. ಒಂದು ಜಾತಿಯ ಹಡಗನ್ನು ಕಟ್ಟಬಲ್ಲ ಕೊನೆಯ ಬಡಗಿ ಕಣ್ಣುಮುಚ್ಚಿದ ದಿನ ಆ ಜಾತಿಯೇ ನಿರ್ವಂಶವಾಗುತ್ತದೆ. ಕಾಗದದ ಮೇಲೆ ನಕ್ಷೆ ಬರೆಯದೆ, ಕಣ್ಣಳತೆಯಿಂದಲೂ ಕೈಯ ಪಳಗಿಕೆಯಿಂದಲೂ ಹಡಗು ಕಟ್ಟುವ ನಾಡುಗಳಲ್ಲಿ ಇಂಥ ಸಾವು ಬಂದರೆ ಹಿಂದೆ ಉಳಿಯುವುದು ಬರಿಯ ಹೆಸರು. ಈ ಸಾವಿಗೆ ಎದುರಾಗಿ ತನ್ನ ಆಯುಷ್ಯವನ್ನೇ ಸವೆಸಿದ ಒಬ್ಬ ಫ್ರೆಂಚ್ ನಾವಿಕನ ಚರಿತ್ರೆಯನ್ನು ಓದುಗರ ಮುಂದಿಡಬೇಕೆಂದು ನನಗೆ ಬಹುದಿನಗಳ ಆಸೆ.

ಅದಕ್ಕೊಂದು ಸ್ವಂತದ ಕಾರಣವೂ ಉಂಟು. ಬಿಡುವಿನ ವೇಳೆಯಲ್ಲಿ ಮರದ ಪುಟ್ಟ ಹಡಗುಗಳನ್ನು ಮಾಡುವುದು ನನ್ನ ಹವ್ಯಾಸ. ಆಟಿಕೆಯ ಹಡಗು ಬೇರೆ, ಮಾದರಿ ಹಡಗು ಬೇರೆ. ಮಾದರಿಯಲ್ಲಿ ಎಲ್ಲವೂ ಒಂದೇ ಪ್ರಮಾಣಕ್ಕೆ ಇಳಿಯಬೇಕು. 48ರಲ್ಲಿ ಒಂದರ ಪ್ರಮಾಣವೆಂದರೆ ಒಂದು ಅಡಿಗೆ ಕಾಲು ಅಂಗುಲ. 72 ಅಡಿಯ ಹಡಗು ಒಂದೂವರೆ ಅಡಿಯಾಗಿ ಮೇಜಿನ ಮೇಲೆ ಕೂರುತ್ತದೆ. ಆಗ ಎರಡು ಅಂಗುಲ ದಪ್ಪದ ಹಗ್ಗ ಅಂಗುಲದ ಇಪ್ಪತ್ತನಾಲ್ಕನೆಯ ಒಂದು ಪಾಲಿನ ದಾರವಾಗಬೇಕು. ಇಷ್ಟು ಕಟ್ಟುನಿಟ್ಟಾಗಿ ನಡೆಯಬೇಕಾದರೆ ನಂಬಿಕೆಗೆ ಅರ್ಹವಾದ ನಕ್ಷೆ ಬೇಕು. ಮರೆಯಾಗಿಹೋದ ಹಾಯಿಹಡಗುಗಳ ಮಾದರಿಗಳನ್ನು ಮಾಡುವ ಹವ್ಯಾಸಿಗಳಲ್ಲಿ ಅನೇಕರು ಅಂಥ ನಕ್ಷೆಯನ್ನು ಅರಸುತ್ತ ಹೋಗಿ ಕೊನೆಗೆ ಒಬ್ಬನ ಮನೆಬಾಗಿಲಲ್ಲಿ ನಿಲ್ಲುತ್ತಾರೆ. ಅವನೇ ಫ್ರಾಂಸ್ವಾ ಎದ್ಮೋಂ ಪಾರಿಸ್.

ಆತನು ಹುಟ್ಟಿದ್ದು 1806ರ ಮಾರ್ಚ್ 2ರಂದು, ತನ್ನ ಮನೆತನದ ಹೆಸರನ್ನೇ ಹೋಲುವ ಪ್ಯಾರಿಸ್ ನಗರದಲ್ಲಿ. ಹದಿನಾಲ್ಕರ ಪ್ರಾಯದಲ್ಲಿ, 1820ರಲ್ಲಿ, ಅಂಗುಲೇಮ್ ಎಂಬ ಊರಿನ ನೌಕಾಶಾಲೆಯನ್ನು ಸೇರಿದನು. ಇಪ್ಪತ್ತು ತುಂಬಿದಾಗ ಅವನ ಪಾಲಿಗೆ ಒಂದು ಮಹಾಯಾನ ಒದಗಿಬಂತು. ದ್ಯುಮೋಂ ದ್ಯುರ್ವಿಲ್ ಎಂಬ ಪ್ರಸಿದ್ಧ ನಾವಿಕನ ಮುಂದಾಳುತನದಲ್ಲಿ ಆಸ್ಟ್ರೋಲೇಬ್ ಎಂಬ ಹಡಗು 1826ರಲ್ಲಿ ಪೆಸಿಫಿಕ್ ಸಾಗರದ ಕಡೆಗೆ ಹೊರಟಿತು. ನಲವತ್ತು ವರ್ಷಗಳಷ್ಟು ಹಿಂದೆ ಕಾಣೆಯಾಗಿದ್ದ ಲಾ ಪೆರೂಸ್ ಎಂಬ ನಾವಿಕನ ಸುಳಿವನ್ನು ಹುಡುಕುವುದೂ ಆ ಯಾತ್ರೆಯ ಕೆಲಸಗಳಲ್ಲಿ ಒಂದಾಗಿತ್ತು. 1828ರಲ್ಲಿ ವಾನಿಕೋರೋ ದ್ವೀಪದ ಹವಳದ ದಿಬ್ಬಗಳ ನಡುವೆ ಆ ಹಡಗುಗಳ ಅವಶೇಷಗಳು ಅವರ ಕಣ್ಣಿಗೆ ಬಿದ್ದವು. ಸಮುದ್ರವು ಮನುಷ್ಯನ ಕೆಲಸವನ್ನು ಹೇಗೆ ಅಳಿಸಿಹಾಕುತ್ತದೆ ಎಂಬ ಮೊದಲ ಪಾಠವನ್ನು ಆ ಯುವಕನು ಅಲ್ಲಿಯೇ ಕಲಿತಿರಬೇಕೆಂದು ನನಗೆ ತೋರುತ್ತದೆ.

ಆ ಕಾಲದ ಯುರೋಪಿನ ಪ್ರವಾಸಿಗಳು ದೂರದೇಶಗಳ ದೋಣಿಗಳನ್ನು ವರ್ಣಿಸದೆ ಇರಲಿಲ್ಲ. ಆದರೆ ಬಹುಮಂದಿಗೆ ಅವು ಚಿತ್ರದ ಅಂದವನ್ನು ಹೆಚ್ಚಿಸುವ ವಸ್ತುಗಳಾಗಿದ್ದವು. ತೆಂಗಿನ ಮರದ ಪಕ್ಕದಲ್ಲಿ ಒಂದು ದೋಣಿಯನ್ನು ಬರೆದರೆ ತೃಪ್ತಿ. ಪಾರಿಸನ ಬಗೆಯೇ ಬೇರೆ. ಅವನು ದೋಣಿಯ ಬಳಿಗೆ ಅಳತೆಯ ಪಟ್ಟಿಯೊಡನೆ ಹೋದನು. ಉದ್ದವೆಷ್ಟು, ಅಗಲವೆಷ್ಟು, ಅಡಿಮರದ ಬಾಗು ಎಷ್ಟು, ಹಲಗೆಗೆ ಹಲಗೆಯನ್ನು ಯಾವುದರಿಂದ ಬಿಗಿದಿದ್ದಾರೆ, ಹಾಯಿಯನ್ನು ಯಾವ ಹಗ್ಗದಿಂದ ಎಳೆಯುತ್ತಾರೆ ಎಂದು ಒಂದೊಂದನ್ನೂ ನೋಡಿ, ಅಳೆದು, ಬರೆದುಕೊಂಡನು. ಪಕ್ಕದಿಂದ, ಮೇಲಿನಿಂದ, ಎದುರಿನಿಂದ ಕಾಣುವ ಮೂರು ನೋಟಗಳಲ್ಲಿ ಅದನ್ನು ಚಿತ್ರಿಸಿದನು. ತನ್ನ ನಾಡಿನ ರಾಜನ ಯುದ್ಧನೌಕೆಗೆ ಸಲ್ಲುವ ಗೌರವವನ್ನೇ ಹೆಸರಿಲ್ಲದ ದ್ವೀಪವಾಸಿಯೊಬ್ಬನು ಕೊಡಲಿಯಿಂದ ಕೆತ್ತಿದ ದೋಣಿಗೂ ಸಲ್ಲಿಸಿದನು. ಅವನ ದೊಡ್ಡತನದ ಮೂಲ ಇಲ್ಲಿದೆ.

ಎರಡನೆಯ ಯಾತ್ರೆ ಲಾ ಫಾವೊರಿತ್ ಎಂಬ ಹಡಗಿನಲ್ಲಿ. ಲಾಪ್ಲಾಸ್ ಎಂಬ ಅಧಿಕಾರಿಯ ಕೈಕೆಳಗೆ ಹೊರಟ ಈ ಪ್ರದಕ್ಷಿಣೆ 1832ರಲ್ಲಿ ಮುಗಿಯಿತು. ಭಾರತದ ಪೂರ್ವತೀರವನ್ನು ಪಾರಿಸನು ಕಂಡದ್ದು ಆಗ. ಕೋರಮಂಡಲ ತೀರದಲ್ಲಿ ಬಂದರುಗಳ ಆಸರೆ ಕಡಿಮೆ. ತೆರೆಗಳು ಸಾಲುಸಾಲಾಗಿ ದಡಕ್ಕೆ ಅಪ್ಪಳಿಸುತ್ತವೆ. ಮೊಳೆ ಹೊಡೆದು ಬಿಗಿಯಾಗಿ ಕಟ್ಟಿದ ಯುರೋಪಿನ ದೋಣಿ ಆ ಹೊಡೆತಕ್ಕೆ ಬಿರಿದುಹೋಗುತ್ತಿತ್ತು. ಅಲ್ಲಿಯ ಮಸೂಲ ದೋಣಿಯೋ ತೆಂಗಿನ ನಾರಿನಿಂದ ಹೊಲಿದದ್ದು, ಒಂದು ಮೊಳೆಯೂ ಇಲ್ಲದ್ದು. ತೆರೆ ಬಡಿದಾಗ ಅದು ಬಾಗುತ್ತದೆ, ಬಳುಕುತ್ತದೆ, ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ. ಮರದ ದಿಮ್ಮಿಗಳನ್ನು ಜೋಡಿಸಿ ಬಿಗಿದ ಕಟ್ಟುಮರವಂತೂ ಮುಳುಗುವ ಮಾತೇ ಇಲ್ಲ. ಬಡತನದ ಗುರುತೆಂದು ಇತರರು ನೋಡಿದಲ್ಲಿ ಪಾರಿಸನು ಬುದ್ಧಿಯ ಗುರುತನ್ನು ಕಂಡನು.

ಮೂರನೆಯ ಯಾತ್ರೆ ಆರ್ತೆಮೀಸ್ ಹಡಗಿನಲ್ಲಿ, 1837ರಿಂದ 1840ರ ವರೆಗೆ; ನಾಯಕನು ಮತ್ತೆ ಅದೇ ಲಾಪ್ಲಾಸ್. ಈ ಸಲ ಪಾಂಡಿಚೇರಿಯಲ್ಲಿ ವಿಧಿ ಕಾದು ಕುಳಿತಿತ್ತು. ಅಲ್ಲಿಯ ಕಾರ್ಖಾನೆಯೊಂದನ್ನು ನೋಡಲು ಹೋದಾಗ ಯಂತ್ರದ ಹಲ್ಲುಗಾಲಿಗಳ ನಡುವೆ ಅವನ ಎಡಗೈ ಸಿಕ್ಕಿಕೊಂಡಿತು. ಮೂವತ್ತು ದಾಟಿ ಹೆಚ್ಚು ವರ್ಷ ಕಳೆದಿರದ ಆ ನಾವಿಕನು ಅಂದಿನಿಂದ ಒಂಟಿಗೈಯವನಾದನು.

ನಕ್ಷೆ ಬರೆಯುವವನಿಗೆ ಎಡಗೈ ಎಂದರೇನು ಎಂಬುದನ್ನು ಆ ಕೆಲಸ ಮಾಡಿದವರು ಬಲ್ಲರು. ಬಲಗೈ ಗೀಟನ್ನು ಎಳೆಯುತ್ತದೆ, ನಿಜ. ಆದರೆ ಅಳತೆಗೋಲನ್ನು ಅಲುಗದಂತೆ ಹಿಡಿಯುವುದು ಎಡಗೈ. ಅಳತೆಯ ಪಟ್ಟಿಯ ಒಂದು ತುದಿಯನ್ನು ಹಡಗಿನ ಪಕ್ಕೆಲುಬಿಗೆ ಒತ್ತಿ ಹಿಡಿಯುವುದೂ ಅದೇ. ನಾನು ಎರಡು ಕೈಗಳಿಂದ ದಾರದ ಒಂದು ಗಂಟನ್ನು ಹಾಕಲು ಒಂದು ಸಂಜೆಯನ್ನೇ ಕಳೆದದ್ದುಂಟು. ಆದುದರಿಂದ ಆ ಅಪಘಾತದ ಮುಂದಿನ ಪುಟಗಳನ್ನು ತಿರುವುವಾಗ ನನಗೆ ವಿಸ್ಮಯವಾಗುತ್ತದೆ. ಪಾರಿಸನು ನೌಕರಿಯನ್ನು ಬಿಡಲಿಲ್ಲ, ಲೇಖನಿಯನ್ನೂ ಬಿಡಲಿಲ್ಲ. ಮೂರು ಯಾತ್ರೆಗಳಲ್ಲಿ ಕೂಡಿಹಾಕಿದ ಅಳತೆಗಳನ್ನೆಲ್ಲ ಒಟ್ಟುಮಾಡಿ, ಯುರೋಪಿನ ಆಚೆಯ ಜನಾಂಗಗಳ ನೌಕಾನಿರ್ಮಾಣವನ್ನು ಕುರಿತ ತನ್ನ ಮಹಾಗ್ರಂಥವನ್ನು 1840ರ ದಶಕದ ಆರಂಭದಲ್ಲಿ ಪ್ರಕಟಿಸಿದನು. ಅರಬ್ಬರ ಬಗಲಾ, ಚೀನೀಯರ ಜಂಕ್, ಗಂಗಾನದಿಯ ದೋಣಿಗಳು, ಪೆಸಿಫಿಕ್ ದ್ವೀಪಗಳ ಜೋಡಿದೋಣಿಗಳು ಒಂದೇ ಗ್ರಂಥದಲ್ಲಿ ಸಾಲಾಗಿ ನಿಂತವು.

ಅವುಗಳ ನಡುವೆ ಪತ್ತೆಮಾರಿಯೂ ಇದೆ. ಕಾರವಾರದಿಂದ ಮಂಗಳೂರಿನ ವರೆಗಿನ ನಮ್ಮ ಕರಾವಳಿಯ ಹಿರಿಯರಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಮುಂದಕ್ಕೆ ಉದ್ದವಾಗಿ ಚಾಚಿದ ಮೂತಿ, ಮುಂದಕ್ಕೇ ವಾಲಿ ನಿಂತ ಕೂವೆಮರಗಳು, ಗಾಳಿ ತುಂಬಿದ ಮುಮ್ಮೂಲೆಯ ಹಾಯಿ. ಪಡುವಣ ತೀರದ ಉದ್ದಕ್ಕೂ ಬೊಂಬಾಯಿಯ ವರೆಗೆ ಸರಕನ್ನು ಹೊತ್ತು ತಿರುಗಿದ ಈ ಹಡಗು ಇಂದು ನಮ್ಮ ರೇವುಗಳಿಂದ ಮರೆಯಾಗಿದೆ. ಅದನ್ನು ಕಟ್ಟಿದ ಆಚಾರಿಗಳು ತಮ್ಮ ಹೆಸರನ್ನು ಎಲ್ಲಿಯೂ ಬರೆದಿಡಲಿಲ್ಲ. ಅವರ ವಿದ್ಯೆಯ ಒಂದು ಸಾಕ್ಷಿ ಫ್ರೆಂಚ್ ನಾವಿಕನೊಬ್ಬನ ಹಾಳೆಗಳಲ್ಲಿ ಉಳಿದಿರುವುದನ್ನು ನೆನೆದಾಗ ನನ್ನ ಮನಸ್ಸಿನಲ್ಲಿ ಕೃತಜ್ಞತೆಯೂ ನಾಚಿಕೆಯೂ ಒಟ್ಟಿಗೆ ಏಳುತ್ತವೆ.

ಪಾರಿಸನನ್ನು ಹಳೆಯ ಕಾಲಕ್ಕೆ ಅಂಟಿಕೊಂಡ ಕನಸುಗಾರನೆಂದು ಯಾರಾದರೂ ಭಾವಿಸಿದರೆ ತಪ್ಪಾದೀತು. ತನ್ನ ಕೈಯನ್ನು ಕಸಿದುಕೊಂಡ ಯಂತ್ರವನ್ನು ಅವನು ದ್ವೇಷಿಸಲಿಲ್ಲ. ಅದನ್ನು ಅಭ್ಯಾಸ ಮಾಡಿದನು. 1840ರ ದಶಕದ ನಡುವಿನಲ್ಲಿ ಆರ್ಕಿಮೀಡ್ ಎಂಬ ಆವಿಹಡಗಿನ ನಾಯಕನಾಗಿ ಚೀನಾದ ಕಡೆಗೆ ಪ್ರಯಾಣ ಮಾಡಿದನು. ಬೊನ್‌ಫೂ ಎಂಬ ಅಧಿಕಾರಿಯ ಜೊತೆಗೂಡಿ ಹಾಯಿಹಡಗು ಮತ್ತು ಆವಿಹಡಗುಗಳ ಶಬ್ದಕೋಶವನ್ನು ರಚಿಸಿದನು. ಹಡಗನ್ನು ನೂಕುವ ತಿರುಪಿನ ಚಕ್ರವನ್ನು ಕುರಿತು, ಆವಿಯಂತ್ರ ನಡೆಸುವವರ ಶಿಕ್ಷಣವನ್ನು ಕುರಿತು ಪುಸ್ತಕಗಳನ್ನು ಬರೆದನು. 1863ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಮರುವರ್ಷ ಉಪನೌಕಾಧಿಪತಿಯ ಪದವಿಯೂ ದೊರೆಯಿತು. ಆವಿಯ ಶಕ್ತಿಯನ್ನು ಇಷ್ಟು ಆಳವಾಗಿ ತಿಳಿದವನಾದುದರಿಂದಲೇ ಹಾಯಿಯ ಕಾಲ ತೀರಿತೆಂಬುದು ಅವನಿಗೆ ಇತರರಿಗಿಂತ ಮೊದಲು ಹೊಳೆದಿರಬೇಕು. ಬರುವುದನ್ನು ತಡೆಯಲಾಗದು, ಹೋಗುವುದನ್ನು ಬರೆದಿಡಬಹುದು. ಅವನ ಉಳಿದ ಬದುಕೆಲ್ಲ ಈ ಎಣಿಕೆಯ ಮೇಲೆ ನಡೆಯಿತೆಂದು ನಾನು ತಿಳಿದಿದ್ದೇನೆ.

1871 ಫ್ರಾನ್ಸಿಗೆ ಕೆಟ್ಟ ವರ್ಷ. ಯುದ್ಧದಲ್ಲಿ ಸೋಲು, ಅದರ ಬೆನ್ನಿಗೆ ರಾಜಧಾನಿಯಲ್ಲಿ ಅಂತಃಕಲಹ. ಮೇ ತಿಂಗಳಲ್ಲಿ ಲೂವ್ರ್ ಅರಮನೆಗೆ ಹೊಂದಿಕೊಂಡಿದ್ದ ಟ್ಯುಲರೀ ಅರಮನೆ ಉರಿದುಹೋಯಿತು. ಲೂವ್ರ್‌ನ ಗ್ರಂಥಾಲಯವೂ ಬೂದಿಯಾಯಿತು. ಅದೇ ಲೂವ್ರ್‌ನಲ್ಲಿ 1827ರಿಂದ ನೌಕಾ ಸಂಗ್ರಹಾಲಯವೊಂದಿತ್ತು. ದ್ಯುಹಾಮೆಲ್ ದ್ಯು ಮೊಂಸೋ ಎಂಬ ವಿದ್ವಾಂಸನು 1748ರಲ್ಲಿ ಹದಿನೈದನೆಯ ಲೂಯಿ ದೊರೆಗೆ ಅರ್ಪಿಸಿದ ಮಾದರಿ ಹಡಗುಗಳು ಅದರ ಮೂಲಧನ. ಬೆಂಕಿಯಿಂದ ಉಳಿದ ಈ ಭಂಡಾರದ ರಕ್ಷಕನಾಗಿ ಆ ವರ್ಷವೇ ಪಾರಿಸನು ಬಂದನು. ನೌಕಾಪಡೆಯಿಂದ ನಿವೃತ್ತಿ ಹೊಂದುವ ಅರವತ್ತೈದರ ಪ್ರಾಯದಲ್ಲಿ ಅವನ ನಿಜವಾದ ಕೆಲಸ ಮೊದಲಾಯಿತು.

ಹಾಳೆಯ ಮೇಲಿನ ಗೀಟುಗಳು ಪಂಡಿತರಿಗೆ ಸಾಕು. ಸಾಮಾನ್ಯನ ಕಣ್ಣಿಗೆ ಹಡಗೇ ಕಾಣಬೇಕು. ಆದುದರಿಂದ ಅವನು ಸಂಗ್ರಹಾಲಯದ ಕುಶಲಕರ್ಮಿಗಳ ಕೈಯಲ್ಲಿ ತನ್ನ ಹಳೆಯ ಅಳತೆಗಳನ್ನು ಕೊಟ್ಟು ನೂರಕ್ಕೂ ಮಿಕ್ಕ ಮಾದರಿಗಳನ್ನು ಮಾಡಿಸಿದನು. ಯೌವನದಲ್ಲಿ ದೂರದ ದಡಗಳ ಮರಳಿನ ಮೇಲೆ ನಿಂತು ಅಳೆದ ದೋಣಿಗಳು ಮುಪ್ಪಿನಲ್ಲಿ ಅವನ ಕಣ್ಣೆದುರು ಮತ್ತೆ ಹುಟ್ಟಿದವು. ಇಲ್ಲಿ ಒಂದು ಮಾತನ್ನು ಹೇಳಬೇಕು. ಚಿತ್ರವು ಸುಳ್ಳನ್ನು ಬಚ್ಚಿಡಬಲ್ಲದು. ಮಾದರಿಗೆ ಅದು ಸಾಧ್ಯವಿಲ್ಲ. ಮೂರು ನೋಟಗಳ ಅಳತೆಗಳು ಒಂದಕ್ಕೊಂದು ಕೂಡದಿದ್ದರೆ ಪಕ್ಕೆಲುಬಿನ ಮೇಲೆ ಹಲಗೆ ಕೂರದು, ಎಲ್ಲಿಯೋ ಸಂದು ಬಾಯಿಬಿಡುತ್ತದೆ. ನಾಲ್ಕು ದಶಕಗಳ ಹಿಂದಿನ ಟಿಪ್ಪಣಿಗಳಿಂದ ಇಡಿಯ ನೌಕಾಪಡೆಯೊಂದು ಮರದಲ್ಲಿ ಎದ್ದುನಿಂತಿತೆಂದರೆ ಆ ಅಳತೆಗಳ ಪ್ರಾಮಾಣಿಕತೆಗೆ ಬೇರೆ ಸಾಕ್ಷಿ ಬೇಡ.

ಎಪ್ಪತ್ತಾರನೆಯ ವಯಸ್ಸಿನಲ್ಲಿ, 1882ರಲ್ಲಿ, ತನ್ನ ಕೊನೆಯ ಮಹಾಕಾರ್ಯದ ಮೊದಲ ಸಂಪುಟವನ್ನು ಹೊರತಂದನು. ಸಮುದ್ರದ ನೆನಪುಗಳು ಎಂಬ ಅರ್ಥದ ಹೆಸರು ಅದಕ್ಕೆ. ಉಳಿದಿದ್ದ, ಅಳಿಯುತ್ತಿದ್ದ ನಾನಾ ಬಗೆಯ ಹಡಗುಗಳ ನಕ್ಷೆಗಳನ್ನು ಅದರಲ್ಲಿ ಕೂಡಿಹಾಕಿದನು. ಆರು ಸಂಪುಟಗಳ ಆ ಮಾಲೆಯ ಕೊನೆಯದು ಹೊರಬಂದದ್ದು 1908ರಲ್ಲಿ. ಆ ವೇಳೆಗೆ ಪಾರಿಸನು ತೀರಿಕೊಂಡು ಹದಿನೈದು ವರ್ಷಗಳಾಗಿದ್ದವು. 1893ರ ಏಪ್ರಿಲ್ 8ರಂದು, ಎಂಬತ್ತೇಳರ ಪಕ್ವವಯಸ್ಸಿನಲ್ಲಿ, ಇನ್ನೂ ಸಂಗ್ರಹಾಲಯದ ರಕ್ಷಕನಾಗಿರುವಾಗಲೇ ಅವನು ಕೊನೆಯುಸಿರೆಳೆದನು.

ಲೂವ್ರ್‌ನ ಆ ಸಂಗ್ರಹ 1943ರಿಂದ ಅದೇ ನಗರದ ಶಾಯೋ ಅರಮನೆಯಲ್ಲಿ ನೆಲೆಸಿದೆ. ದೀರ್ಘಕಾಲದ ಜೀರ್ಣೋದ್ಧಾರದ ಅನಂತರ 2023ರ ನವೆಂಬರಿನಲ್ಲಿ ಅದರ ಬಾಗಿಲು ಮತ್ತೆ ತೆರೆಯಿತು. ಅವನ ನಕ್ಷೆಗಳನ್ನು ಮುಂದಿಟ್ಟುಕೊಂಡು, ಸಮುದ್ರವನ್ನೇ ಕಾಣದ ಊರುಗಳಲ್ಲಿಯೂ ಹವ್ಯಾಸಿಗಳು ಹಡಗು ಕಟ್ಟುತ್ತಾರೆ. ಬೇಸರ ಕಳೆಯುವ ಆಟವೆಂದು ಇದನ್ನು ಕಂಡು ನಗುವವರಿಗೆ ನಾನು ಪಾರಿಸನ ಬದುಕನ್ನು ತೋರಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಮಂಜಿಯನ್ನೋ ಮಚ್ವೆಯನ್ನೋ ತಮ್ಮ ಕೈಯಿಂದ ಕಟ್ಟಿದ ಮುದುಕರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರು. ಅವರ ಜಗಲಿಯ ಮೇಲೆ ಕುಳಿತು ಅಳತೆಗಳನ್ನು ಕೇಳಿ ಬರೆದುಕೊಳ್ಳಲು ಒಂದು ಹಾಳೆ, ಒಂದು ಸೀಸದಕಡ್ಡಿ, ಒಂದು ಅಳತೆಯ ಪಟ್ಟಿ ಸಾಕು. ಒಂದು ಕೈಯಾದರೂ ಸಾಕೆಂಬುದನ್ನು ಪಾರಿಸನು ತೋರಿಸಿಕೊಟ್ಟಿದ್ದಾನೆ.