ಹ್ಯಾರಿಯೆಟ್ ಟಬ್‌ಮನ್ ಎಂಬ ಧೀರ ಸ್ತ್ರೀಯು

ನಮ್ಮ ಪಾಠಶಾಲೆಯ ಹುಡುಗಿಯರಲ್ಲಿ ಅನೇಕರು ಹ್ಯಾರಿಯೆಟ್ ಟಬ್‌ಮನ್ ಎಂಬ ಹೆಸರನ್ನು ಕೇಳಿಬಲ್ಲರು. ಆಕೆಯು ಅಮೇರಿಕಾ ದೇಶದಲ್ಲಿ ಗುಲಾಮಳಾಗಿ ಹುಟ್ಟಿ, ತಾನು ತಪ್ಪಿಸಿಕೊಂಡದ್ದಲ್ಲದೆ, ತಿರಿಗಿ ತಿರಿಗಿ ಆ ಅಪಾಯದ ಸೀಮೆಗೇ ಬಂದು ತನ್ನ ಜನರನ್ನು ಬಿಡಿಸಿಕೊಂಡು ಹೋದಳೆಂಬದನ್ನೂ ಅರಿತಿರುವರು. ಆದರೆ ಆಕೆಯು ಒಂದು ಸಾರಿಯಾದರೂ ಹಿಡಿಯಲ್ಪಡದೆ ಹೋದದ್ದು ಹೇಗೆಂದು ಕೇಳಿದರೆ, ಧೈರ್ಯದಿಂದ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಟ್ಟುಬಿಡುವರು. ಧೈರ್ಯವುಳ್ಳವರು ಎಷ್ಟೋ ಮಂದಿ ಹಿಡಿಯಲ್ಪಟ್ಟರು. ಆದದರಿಂದ ಈ ಸಂಗತಿಯನ್ನು ಸ್ವಲ್ಪ ವಿವರವಾಗಿ ಬರೆಯಲು ಮನಸ್ಸಾಯಿತು.

ಆಕೆಯು ಸುಮಾರು ೧೮೨೨ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದ ಡಾರ್ಚೆಸ್ಟರ್ ಸೀಮೆಯಲ್ಲಿ ಜನಿಸಿದಳು. ತಂದೆತಾಯಿಗಳು ಇಟ್ಟ ಹೆಸರು ಅರಮಿಂಟಾ. ಹ್ಯಾರಿಯೆಟ್ ಎಂಬದು ಆಕೆಯು ಮುಂದೆ ತಾನೇ ತೆಗೆದುಕೊಂಡ ತಾಯಿಯ ಹೆಸರು. ಎಳೆಯ ಪ್ರಾಯದಲ್ಲೇ ಪರರ ಮನೆಗೆ ಬಾಡಿಗೆಗೆ ಕಳುಹಿಸಲ್ಪಟ್ಟು, ಕೂಸನ್ನು ಅಳಿಸಿದ ತಪ್ಪಿಗಾಗಿ ಚಾವಟಿಯ ಪೆಟ್ಟು ತಿಂದಳು. ಹದಿಹರೆಯದಲ್ಲಿ, ಓಡಿಹೋಗುತ್ತಿದ್ದ ಬೇರೊಬ್ಬ ಗುಲಾಮನ ಮೇಲೆ ಮೇಲ್ವಿಚಾರಕನು ಎಸೆದ ಎರಡು ಪೌಂಡಿನ ತೂಕದ ಕಲ್ಲು ಈಕೆಯ ತಲೆಗೆ ತಗಲಿತು. ಆ ಗಾಯದ ದೆಸೆಯಿಂದ ಜೀವಮಾನವೆಲ್ಲಾ, ಮಾತನಾಡುತ್ತಿರುವಾಗಲೇ ನಿದ್ರೆಯು ಆಕೆಯನ್ನು ಆವರಿಸುತ್ತಿತ್ತು. ಇಂಥಾ ರೋಗವುಳ್ಳವಳು ಬೇಟೆನಾಯಿಗಳ ಭಯವಿದ್ದ ಕಾಡಿನಲ್ಲಿ ಇತರರಿಗೆ ದಾರಿ ತೋರಿಸಿದಳೆಂಬದನ್ನು ನೆನಸಿದರೆ ಆಶ್ಚರ್ಯವಾಗುತ್ತದೆ.

ಓದುಬರಹವು ಆಕೆಗೆ ಬರಲಿಲ್ಲ. ಆದರೆ ತಂದೆಯ ಸಂಗಡ ಮರ ಕಡಿಯುವ ಕೆಲಸದಲ್ಲಿದ್ದಾಗ ಕಾಡನ್ನೂ, ಜವುಗು ಭೂಮಿಯನ್ನೂ, ನಕ್ಷತ್ರಗಳ ದಿಕ್ಕನ್ನೂ, ಅದಕ್ಕಿಂತ ಹೆಚ್ಚಾಗಿ ದೋಣಿಯವರ ಗುಟ್ಟಿನ ವರ್ತಮಾನದ ದಾರಿಗಳನ್ನೂ ಕಲಿತುಕೊಂಡಳು. ೧೮೪೯ರಲ್ಲಿ ಯಜಮಾನನು ಸತ್ತನು. ಅಕ್ಕತಂಗಿಯರಲ್ಲಿ ಮೂವರು ಅದಕ್ಕೆ ಮುಂಚೆಯೇ ದಕ್ಷಿಣಕ್ಕೆ ಮಾರಲ್ಪಟ್ಟಿದ್ದರು. ತನಗೂ ಅದೇ ಗತಿಯೆಂದು ತಿಳಿದು, ಇಬ್ಬರು ಸಹೋದರರೊಂದಿಗೆ ಹೊರಟಳು. ಅವರು ಹೆದರಿ ಆಕೆಯನ್ನೂ ಹಿಂದಕ್ಕೆ ಕರೆತಂದರು. ಎರಡನೆಯ ಸಾರಿ ಒಬ್ಬಳೇ ಹೋಗಿ ಪೆನ್ಸಿಲ್ವೇನಿಯಾವನ್ನು ಸೇರಿದಳು.

ಅಲ್ಲಿ ಅಡಿಗೆಮನೆಗಳಲ್ಲಿ ದುಡಿದು ಕೂಡಿಸಿದ ಹಣದಿಂದ ತನ್ನವರನ್ನು ಕರೆತರಲು ಪ್ರಾರಂಭಿಸಿದಳು. ೧೮೫೦ರ ಕಾಯಿದೆಯ ಪ್ರಕಾರ ಓಡಿಹೋದ ಗುಲಾಮರನ್ನು ಉತ್ತರದ ಸಂಸ್ಥಾನಗಳಲ್ಲಿಯೂ ಹಿಡಿದು ಒಪ್ಪಿಸಬಹುದಾಗಿದ್ದದರಿಂದ, ಕೆನಡಾದ ಸೇಂಟ್ ಕ್ಯಾಥರೀನ್ಸ್ ಪಟ್ಟಣದ ವರೆಗೂ ಅವರನ್ನು ನಡಿಸಬೇಕಾಯಿತು.

ಆಕೆಯ ಏರ್ಪಾಡುಗಳನ್ನು ನೋಡಿರಿ. ರಾತ್ರಿ ದೀರ್ಘವಾಗಿಯೂ ಜನರು ಮನೆಯೊಳಗೂ ಇರುವ ಚಳಿಗಾಲವನ್ನೇ ಹೆಚ್ಚಾಗಿ ಆರಿಸಿಕೊಳ್ಳುವಳು. ಶನಿವಾರ ರಾತ್ರಿಯಲ್ಲಿ ಹೊರಡುವಳು. ಆದಿತ್ಯವಾರ ಕೆಲಸವಿಲ್ಲದ್ದರಿಂದ ಸೋಮವಾರದ ವರೆಗೂ ಯಜಮಾನರು ಜಾಹೀರಾತನ್ನು ಅಚ್ಚು ಮಾಡಿಸಲಾರರು. ತಾನು ತೋಟದ ಬಳಿಗೆ ಹೋಗದೆ, ಕೆಲವು ಮೈಲು ದೂರದ ಸ್ಥಳವನ್ನು ಗೊತ್ತುಮಾಡಿ ಜನರನ್ನು ಅಲ್ಲಿಗೇ ಬರಮಾಡುವಳು. ಅಡಗಿದ್ದವರು ಹೊರಗೆ ಬರಬಹುದೋ ಬಾರದೋ ಎಂಬದನ್ನು ಹಾಡಿನಿಂದ ತಿಳಿಸುವಳು. ಕೂಸುಗಳು ಅಳದಂತೆ ಅಫೀಮಿನ ಔಷಧವನ್ನು ಕುಡಿಸುವಳು. ಅಪಾಯವು ಸಮೀಪಿಸಿದರೆ ದಕ್ಷಿಣಕ್ಕೆ ಹೋಗುವ ರೈಲನ್ನೇ ಹತ್ತುವಳು. ಓಡಿಹೋಗುವವರು ದಕ್ಷಿಣಕ್ಕೆ ಹೋಗುವರೆಂದು ಯಾರು ನೆನಸುವರು? ಒಮ್ಮೆ ಹಳೆಯ ಯಜಮಾನನೊಬ್ಬನು ಬೀದಿಯಲ್ಲಿ ಎದುರಾದಾಗ ಕೈಯಲ್ಲಿದ್ದ ಕೋಳಿಗಳ ದಾರವನ್ನು ಜಗ್ಗಿ, ಅವುಗಳು ಕೂಗಿ ಹಾರಾಡಲು, ಬೆನ್ನಟ್ಟುವ ಮುದುಕಿಯಂತೆ ಮುಖ ತಪ್ಪಿಸಿಕೊಂಡಳಂತೆ. ಆಕೆಯ ಬಳಿ ಪಿಸ್ತೂಲೂ ಇತ್ತು. ಅರ್ಧ ದಾರಿಯಲ್ಲಿ ಹಿಂದಿರುಗುವೆನೆಂದವನಿಗೆ ಅದನ್ನು ತೋರಿಸಿ ಮುಂದೆ ನಡಿಸುವಳು. ಹಿಂದಿರುಗಿದ ಒಬ್ಬನನ್ನು ಹೊಡೆದು ಬಾಯಿಬಿಡಿಸಿದರೆ ದಾರಿಯಲ್ಲಿ ಆಶ್ರಯ ಕೊಟ್ಟ ಮನೆಗಳೆಲ್ಲಾ ಹಾಳಾಗುವವು. ಇದು ಕಠಿಣವಾದದ್ದು; ಇದನ್ನು ಮೃದುಪಡಿಸಿ ಬರೆಯಲು ನನಗೆ ಇಷ್ಟವಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ನಾಟಿರುವದು ೧೮೫೪ರ ಕ್ರಿಸ್ಮಸ್ ಹಬ್ಬದ ವೃತ್ತಾಂತವೇ. ಆಕೆಯ ಮೂವರು ಸಹೋದರರು ಹಬ್ಬದ ಮಾರಣೆ ದಿನ ಮಾರಲ್ಪಡುವವರಿದ್ದರು. ಇದನ್ನು ತಿಳಿದ ಹ್ಯಾರಿಯೆಟ್ಟಳು ಜೇಕಬ್ ಜಾಕ್ಸನ್ ಎಂಬ, ಓದುಬಲ್ಲ ಸ್ವತಂತ್ರನಾದ ಕಪ್ಪುಜನರವನಿಗೆ ಕಾಗದವನ್ನು ಬರೆಯಿಸಿದಳು. ಕೆಳಗೆ ಆತನ ಸಾಕುಮಗನ ಹೆಸರು ಹಾಕಿಸಿದಳು. ಹಡಗು ಬರುವದು, ಹತ್ತಲು ಸಿದ್ಧರಾಗಿರಬೇಕು ಎಂಬ ಭಕ್ತಿಯ ಮಾತುಗಳೊಳಗೆ ವರ್ತಮಾನವನ್ನು ಅಡಗಿಸಿದ್ದಳು. ಟಪಾಲಿನವರು ಸಂಶಯಪಟ್ಟು ಅದನ್ನು ಒಡೆದು ಓದಿದರೂ ತಿಳಿಯಲಿಲ್ಲ. ಜಾಕ್ಸನ್ನನು ಒಂದೇ ನೋಟಕ್ಕೆ ಗ್ರಹಿಸಿ, ಇದರ ತಲೆಬಾಲ ತನಗೆ ಗೊತ್ತಾಗುವದಿಲ್ಲವೆಂದು ಅದನ್ನು ಅಲ್ಲಿಯೇ ಬಿಟ್ಟು, ನೆಟ್ಟಗೆ ಆ ಸಹೋದರರ ಬಳಿಗೆ ಹೋದನು.

ಹಬ್ಬದ ದಿನ ಅವರು ತಂದೆತಾಯಿಗಳ ಗುಡಿಸಲಿಗೆ ಸಮೀಪವಾದ ಮೇವಿನ ಮನೆಯಲ್ಲಿ ಅಡಗಿದ್ದರು. ಹೊರಗೆ ಮಳೆ. ತಾಯಿಯು ಗಂಡುಮಕ್ಕಳು ಊಟಕ್ಕೆ ಬರುವರೆಂದು ಅಡಿಗೆ ಮಾಡಿ, ಬಾಗಲಿಗೆ ಬಂದು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ದಾರಿ ನೋಡಿ ನೋಡಿ ಒಳಗೆ ಹೋಗುತ್ತಿದ್ದಳು. ಮಗಳು ಹಲಿಗೆಗಳ ಸಂದಿನಿಂದ ಅದನ್ನು ಕಂಡಳು. ತಾಯಿಯ ಮುಖವನ್ನು ನೋಡಿ ಸುಮಾರು ಐದು ವರುಷಗಳಾಗಿದ್ದವು. ಆದಾಗ್ಯೂ ತಾವು ಬಂದದ್ದನ್ನು ಆಕೆಗೆ ತಿಳಿಸಲಿಲ್ಲ. ತಿಳಿಸಿದರೆ ಸಂತೋಷಕ್ಕೂ ದುಃಖಕ್ಕೂ ಕೂಗಿಕೊಳ್ಳುವಳು, ಆ ಕೂಗು ನೆರೆಯವರಿಗೆ ಕೇಳಿಸುವದು. ತಂದೆಗೆ ಮಾತ್ರ ಸಂಗಡಿಗರ ಮೂಲಕ ಹೇಳಿಸಿದರು. ಆ ವೃದ್ಧನು ಸುಳ್ಳಾಡದವನೆಂದು ಹೆಸರು ಪಡೆದವನಾಗಿದ್ದನು. ಆಹಾರವನ್ನು ತಂದು ಒಳಗೆ ಇಟ್ಟನು, ಮಕ್ಕಳ ಕಡೆಗೆ ಕಣ್ಣೆತ್ತಲಿಲ್ಲ. ರಾತ್ರಿ ಅವರು ಹೊರಟಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅವರ ಕೈ ಹಿಡಿದು ಸ್ವಲ್ಪ ದೂರ ನಡೆದು ಬೀಳ್ಕೊಟ್ಟನು. ಹುಡುಕುವವರು ಬಂದಾಗ ಮಕ್ಕಳನ್ನು ನೋಡಲಿಲ್ಲವೆಂದನು. ಇದು ಸತ್ಯವೋ ಅಲ್ಲವೋ ಎಂಬ ಚರ್ಚೆಯನ್ನು ಬೈಬಲ್ ಪಾಠದ ತಾಸಿಗೆ ಬಿಡುತ್ತೇನೆ. ಈ ಕಥೆ ಹೇಳುವಾಗಲೆಲ್ಲಾ ಒಬ್ಬ ಹುಡುಗಿಯಾದರೂ, ತಾಯಿಗೆ ಒಂದು ಮಾತು ಹೇಳಬಾರದಾಗಿತ್ತೇ ಎಂದು ಕೇಳುವಳು. ನನ್ನಿಂದ ಉತ್ತರ ಹೇಳಲಿಕ್ಕೆ ಆಗುವದಿಲ್ಲ. ಅವರೆಲ್ಲರೂ ದಶಂಬರ ೨೯ರಂದು ಫಿಲಡೆಲ್ಫಿಯಾವನ್ನು ಸುರಕ್ಷಿತವಾಗಿ ಮುಟ್ಟಿದರು.

ಒಬ್ಬಳಿಂದಲೇ ಇದೆಲ್ಲಾ ಆಯಿತೆಂದು ತಿಳಿಯಬಾರದು. ೧೮೫೬ರಲ್ಲಿ ವಿಲ್ಮಿಂಗ್ಟನ್ನಿನ ಸೇತುವೆಗೆ ಕಾವಲಿದ್ದಾಗ, ಥಾಮಸ್ ಗ್ಯಾರೆಟ್ ಎಂಬ ಕ್ವೇಕರ್ ಪಂಗಡದ ವರ್ತಕನು ಇಟ್ಟಿಗೆ ಕಟ್ಟುವವರನ್ನು ಬಂಡಿಗಳಲ್ಲಿ ಕಳುಹಿಸಿದನು. ಅವರು ಬೆಳಿಗ್ಗೆ ಹಾಡುತ್ತಾ ಸೇತುವೆ ದಾಟಿ, ರಾತ್ರಿ ಹಾಡುತ್ತಲೇ ಹಿಂದಿರುಗಿದರು. ಹ್ಯಾರಿಯೆಟ್ಟಳೂ ಜೊತೆಯವರೂ ಬಂಡಿಯ ತಳದಲ್ಲಿ ಮಲಗಿದ್ದರು.

ಆಕೆಯು ಹತ್ತೊಂಭತ್ತು ಸಾರಿ ಹೋಗಿ ಮುನ್ನೂರು ಮಂದಿಯನ್ನು ತಂದಳೆಂದೂ, ಆಕೆಯ ತಲೆಗೆ ನಾಲ್ವತ್ತು ಸಾವಿರ ಡಾಲರು ಬೆಲೆ ಕಟ್ಟಿದ್ದರೆಂದೂ ಹಳೆಯ ಪುಸ್ತಕಗಳಲ್ಲಿ ಇರುವದು. ನಾನೂ ಹಾಗೆಯೇ ಕಲಿಸಿದ್ದೆನು, ತಪ್ಪಾಯಿತು. ದಾಖಲೆಗಳನ್ನು ಶೋಧಿಸಿದವರು ಸುಮಾರು ಹದಿಮೂರು ಪ್ರಯಾಣ, ಸುಮಾರು ಎಪ್ಪತ್ತು ಜನರು ಎನ್ನುತ್ತಾರೆ. ೧೮೪೯ರ ಜಾಹೀರಾತಿನಲ್ಲಿ, ಸಂಸ್ಥಾನದ ಹೊರಗೆ ಹಿಡಿದರೆ ತಲೆಗೆ ನೂರು ಡಾಲರಿನ ಬಹುಮಾನವಿತ್ತು.

೧೮೫೭ರಲ್ಲಿ ವೃದ್ಧರಾದ ತಂದೆತಾಯಿಗಳನ್ನೂ ಕರೆತಂದಳು. ನಡೆಯಲಾರದ ಅವರಿಗಾಗಿ ಹಳೆಯ ಎರಡು ಚಕ್ರಗಳಿಂದ ಬಂಡಿಯೊಂದನ್ನು ಕಟ್ಟಿಸಿದಳು. ತಂಗಿಯಾದ ರೇಚಲಳ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. ಅನೇಕ ವರುಷಗಳ ಪ್ರಯತ್ನದ ಮೇಲೆ ೧೮೬೦ರ ಚಳಿಗಾಲದಲ್ಲಿ ಕಡೇ ಸಾರಿ ಹೋದಾಗ ಆಕೆಯು ಸತ್ತಿದ್ದಳು. ಆಕೆಯ ಇಬ್ಬರು ಮಕ್ಕಳನ್ನು ಬಿಡಿಸಲು ಮೂವತ್ತು ಡಾಲರು ಲಂಚ ಬೇಕಾಗಿತ್ತು, ಕೈಯಲ್ಲಿ ಹಣವಿರಲಿಲ್ಲ. ಆ ಮಕ್ಕಳನ್ನು ಬಿಟ್ಟು, ಬೇರೊಂದು ಕುಟುಂಬವನ್ನು ಹಿಮದೊಳಗೆ ಕರೆದುಕೊಂಡು ಹೋದಳು.

ಅಂತರ್ಯುದ್ಧದಲ್ಲಿ ಆಕೆಯು ದಾದಿಯಾಗಿಯೂ ಗೂಢಚಾರಳಾಗಿಯೂ ಇದ್ದು, ೧೮೬೩ನೇ ಜೂನ್ ೨ರಂದು ಕಂಬಾಹೀ ನದಿಯ ದಂಡಯಾತ್ರೆಗೆ ದಾರಿ ತೋರಿಸಿದಳು. ಏಳು ನೂರಕ್ಕಿಂತ ಹೆಚ್ಚು ಜನರು ಬಿಡುಗಡೆ ಹೊಂದಿದರು. ಸರಕಾರದವರು ಪಿಂಚಣಿ ಕೊಡಲು ಮೂವತ್ತು ವರುಷ ತಡಮಾಡಿ, ೧೮೯೫ರಲ್ಲಿ ಸಿಪಾಯಿಯ ವಿಧವೆಯೆಂದು ತಿಂಗಳಿಗೆ ಎಂಟು ಡಾಲರು ಕೊಟ್ಟರು. ಅದನ್ನೂ ಹಂಚುತ್ತಾ, ನ್ಯೂಯಾರ್ಕ್ ಸಂಸ್ಥಾನದ ಆಬರ್ನ್ ಪಟ್ಟಣದಲ್ಲಿ ನಿರ್ಗತಿಕರಾದ ವೃದ್ಧರಿಗಾಗಿ ತಾನು ಸ್ಥಾಪಿಸಿದ ಮನೆಯಲ್ಲಿಯೇ ೧೯೧೩ನೇ ಮಾರ್ಚಿ ೧೦ರಂದು ಆಕೆಯು ತೀರಿಕೊಂಡಳು.