ಹಿಮದ ಪದರು ಬಿಡಿಸಿದ ವೆಗೆನರ್

ಖಂಡಗಳು ಸರಿಯುತ್ತವೆಂದು 1912ರಲ್ಲಿ ಹೇಳಿದ ಆಲ್‌ಫ್ರೆಡ್ ವೆಗೆನರ್ ಅವರ ಹೆಸರು ವಿದ್ಯಾರ್ಥಿ ಮಿತ್ರರಿಗೆ ಗೊತ್ತು. ಅವರು ಪ್ರಾಣ ತೆತ್ತದ್ದು ಹಿಮದ ಅಧ್ಯಯನಕ್ಕಾಗಿ ಎಂಬುದು ಅಷ್ಟಾಗಿ ಗೊತ್ತಿಲ್ಲ.

1880ರ ನವೆಂಬರ್ 1ರಂದು ಬರ್ಲಿನ್‌ನಲ್ಲಿ ಜನಿಸಿದರು. 1912-13ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ಮೇಲೆಯೇ ಚಳಿಗಾಲ ಕಳೆದು, ಸಂಗಡಿಗರೊಂದಿಗೆ ಬೈರಿಗೆಯಿಂದ 25 ಮೀಟರ್ ಕೊರೆದರು. 1930ರಲ್ಲಿ ತೀರದಿಂದ 400 ಕಿ.ಮೀ. ಒಳಗೆ ಐಸ್‌ಮಿಟ್ಟೆ ಎಂಬ ಕೇಂದ್ರ ಸ್ಥಾಪಿಸಿದರು. ಅಲ್ಲಿದ್ದ ಇಬ್ಬರಿಗೆ ಚಳಿಗಾಲದ ಸಾಮಾನು ಸಾಲದೆಂದು ನಾಯಿಬಂಡಿ ಕಟ್ಟಿಸಿ ತಾವೇ ಹೊರಟರು. ಚಳಿ ಮೈನಸ್ 50 ಡಿಗ್ರಿಗಿಂತ ಕೆಳಗಿಳಿಯಿತು. ಜೊತೆಗಿದ್ದ ಹೆಚ್ಚಿನವರು ಹಿಂದಿರುಗಿದರು, ಸಾಮಾನೂ ದಾರಿಯಲ್ಲೇ ಉಳಿಯಿತು. ಬರಿಗೈಲಿ ಬಂದವರು ಅಲ್ಲಿದ್ದವರ ಊಟ ಹಂಚಿಕೊಳ್ಳುವುದು ಹೇಗೆ? ತಮ್ಮ 50ನೇ ಹುಟ್ಟುಹಬ್ಬದಂದೇ, ಗ್ರೀನ್‌ಲ್ಯಾಂಡಿನ ಯುವಕ ರಾಸ್ಮುಸ್ ವಿಲ್ಲುಮ್ಸೆನ್‌ನೊಂದಿಗೆ ತೀರದತ್ತ ಮರಳಿ ಹೊರಟರು. ಇಬ್ಬರೂ ತಲುಪಲಿಲ್ಲ. 1931ರ ಮೇ ತಿಂಗಳಲ್ಲಿ ವೆಗೆನರ್ ಅವರ ಶವ ಸಿಕ್ಕಿತು. ಆ ಯುವಕನದು ಸಿಗಲೇ ಇಲ್ಲ.

ಅದೇ ಚಳಿಗಾಲದಲ್ಲಿ ಐಸ್‌ಮಿಟ್ಟೆಯಲ್ಲಿ ಅರ್ನ್ಸ್ಟ್ ಸೋರ್ಗೆ 15 ಮೀಟರ್ ಗುಂಡಿ ತೋಡಿ, ನಮ್ಮ ಎರಿಹೊಲದ ಬಾವಿಯಲ್ಲಿ ಮಣ್ಣಿನ ಪದರು ಕಾಣುವ ಹಾಗೆ, ವರ್ಷವರ್ಷದ ಹಿಮದ ಪದರು ಗುರುತಿಸಿದರು. ಚಳಿ ಹೆಚ್ಚಿದ್ದಾಗ ಬಿದ್ದ ಹಿಮದಲ್ಲಿ ಭಾರದ ಆಕ್ಸಿಜನ್ ಕಡಿಮೆ ಇರುತ್ತದೆ. ಇದನ್ನು ಹಿಡಿದು ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್, 1966ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಕೊರೆದು ತೆಗೆದ ಸುಮಾರು 1,390 ಮೀಟರ್ ಉದ್ದದ ಹಿಮದ ಕಂಬದಿಂದ ಹಿಂದಿನ ಕಾಲದ ತಾಪಮಾನವನ್ನು ಲೆಕ್ಕ ಹಾಕಿದರು.